ಚೀಟಿ ಇಲ್ಲದೆ ನಿದ್ದೆ ಮಾಡಿದ ಕ್ಷೌರಿಕ

ಈ ವಾರ ಮುಗಿಯುವುದರೊಳಗೆ ಒಂದು ನಿದ್ದೆಮಾತ್ರೆ ಸಂಪಾದಿಸುತ್ತೇನೆ, ಯಾವ ಡಾಕ್ಟರ ಮುಂದೆಯೂ ತಲೆ ತಗ್ಗಿಸದೆ ನುಂಗುತ್ತೇನೆ, ಎಂಟು ಗಂಟೆ ಗೊರಕೆ ಹೊಡೆದೇ ತೀರುತ್ತೇನೆ! ಹೀಗೆಂದು ನಾನು ನನ್ನ ಅಂಗಡಿಯ ಕನ್ನಡಿಯೆದುರು ಕತ್ತರಿ ಎತ್ತಿ ಹಿಡಿದು ಶಪಥ ಮಾಡಿದೆ. ಜೋಗ್ಜಾ ಊರಿನ ನಮ್ಮ ಓಣಿಯಲ್ಲಿ ಮೂವತ್ತು ವರ್ಷಗಳಿಂದ ಎಲ್ಲರೂ ತಲೆ ತಗ್ಗಿಸಿರುವುದು ನನ್ನ ಮುಂದೆ. ಕ್ಷೌರಿಕ ಮಾರ್ದಿಯೊ ಇನ್ನೊಬ್ಬರ ಮುಂದೆ ತಗ್ಗಿಸುವುದೆಂದರೇನು?

ಶಪಥಕ್ಕೆ ಕಾರಣವಿತ್ತು. ಮೂರು ತಿಂಗಳಿಂದ ನನಗೆ ನಿದ್ದೆ ಇರಲಿಲ್ಲ. ಹಾಸಿಗೆಯಲ್ಲಿ ಬಿದ್ದುಕೊಂಡರೆ ಕಣ್ಣು ಲಾಟೀನಿನಂತೆ ಉರಿಯುತ್ತಿತ್ತು. ಅದೇ ಕಣ್ಣು ಹಗಲು ಗಿರಾಕಿಯ ತಲೆಯ ಮೇಲೆ ಕೈ ಇಟ್ಟೊಡನೆ ತಾನಾಗಿ ಮುಚ್ಚುತ್ತಿತ್ತು. ಸೋಮವಾರ ನಮ್ಮ ಓಣಿಯ ಮುಖ್ಯಸ್ಥರಾದ ಪುರ್ವಾದಿಯವರು ಮೀಸೆ ಸರಿಮಾಡಿಸಿಕೊಳ್ಳಲು ಬಂದರು. ಆ ಮೀಸೆ ಎಂದರೆ ಸಾಮಾನ್ಯವೇ? ಅವರು ಸಭೆಯಲ್ಲಿ ಮಾತಾಡುವ ಮೊದಲು ಅದು ಎದ್ದು ನಿಲ್ಲುತ್ತಿತ್ತು. ನಾನು ಎಡಗಡೆ ಮುಗಿಸಿ ಬಲಗಡೆಗೆ ಬಂದೆ, ಒಂದೇ ಒಂದು ಕ್ಷಣ ತೂಕಡಿಸಿದೆ. ಕಣ್ಣು ಬಿಟ್ಟಾಗ ಬಲಗಡೆ ಮೀಸೆ ಅವರ ತೊಡೆಯ ಮೇಲಿತ್ತು.

ಅವರು ಬೈಯಲಿಲ್ಲ. ಎದ್ದು ಕರವಸ್ತ್ರದಿಂದ ಬಾಯಿ ಮುಚ್ಚಿಕೊಂಡು ಹೋದರು. ಉಳಿದರ್ಧವನ್ನು ಪಕ್ಕದ ಓಣಿಯ ಕ್ಷೌರಿಕನ ಹತ್ತಿರ ತೆಗೆಸಿದರಂತೆ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ, ಇದನ್ನು ತಡೆಯಲಾಗಲಿಲ್ಲ. ಸಂಜೆಯ ಹೊತ್ತಿಗೆ ಇಬ್ಬರು ಹಳೆಯ ಗಿರಾಕಿಗಳು ನನ್ನ ಅಂಗಡಿಯ ಮುಂದೆ ಹೆಜ್ಜೆ ನಿಧಾನ ಮಾಡಿ, ಗಲ್ಲ ಸವರಿಕೊಂಡು, ಮುಂದಕ್ಕೆ ಹೋದರು.

ಹೆಂಡತಿ ಸುಮಿರಾ ಒಂದೇ ಮಾತು ಹೇಳಿದಳು. "ಹೆಲ್ತ್ ಸೆಂಟರಿಗೆ ಹೋಗಿ ಡಾಕ್ಟರಿಗೆ ತೋರ್ಸಿ ರೀ. ಇಲ್ದಿದ್ರೆ ಈ ಅಂಗಡಿ ಬಾಗಿಲು ಹಾಕಬೇಕಾಗತ್ತೆ."

ಅಲ್ಲಿಗೆ ಮಾತ್ರ ನಾನು ಹೋಗುವ ಹಾಗಿರಲಿಲ್ಲ. ಅಲ್ಲಿನ ಡಾಕ್ಟರು ಲಾರಸ್, ಇದೇ ಪುರ್ವಾದಿಯವರ ಮಗಳು. ಅವಳಿಗೆ ಆರು ವರ್ಷವಾಗಿದ್ದಾಗ, ಶಾಲೆಯ ಫೋಟೋ ತೆಗೆಸುವ ಹಿಂದಿನ ದಿನ, ತಲೆಗೆ ತೆಂಗಿನ ಚಿಪ್ಪು ಕವುಚಿದ ಹಾಗೆ ಕಾಣುವ ಕಟಿಂಗ್ ಮಾಡಿದವನು ನಾನು. ಆಗ ಅದು ಫ್ಯಾಷನ್ ಎಂದು ನಾನು ಇಂದಿಗೂ ವಾದಿಸಬಲ್ಲೆ. ಆದರೆ ಅವಳು ಅತ್ತುಕೊಂಡು ತೆಗೆಸಿದ ಆ ಫೋಟೋ ಅವರ ಮನೆಯ ಹಜಾರದಲ್ಲಿ ಈಗಲೂ ನೇತಾಡುತ್ತಿದೆ. ಅಂಥವಳ ಮುಂದೆ ಕೂತು "ನಿದ್ದೆ ಬರಲ್ಲ ಕಣಮ್ಮ" ಎನ್ನುವುದಕ್ಕಿಂತ ಎಚ್ಚರವಾಗಿ ಸಾಯುವುದು ಮೇಲು ಎಂದು ತೀರ್ಮಾನಿಸಿದೆ.

ಮಂಗಳವಾರ ನೇರವಾಗಿ ಔಷಧಿ ಅಂಗಡಿಗೆ ಹೋದೆ. ಕನ್ನಡಕದ ಹುಡುಗಿಯೊಬ್ಬಳು ನಿಂತಿದ್ದಳು. ನಿದ್ದೆಮಾತ್ರೆ ಕೇಳಿದೆ. ಡಾಕ್ಟರ ಚೀಟಿ ಕೇಳಿದಳು. ಚೀಟಿ ಇಲ್ಲ, ಮಾತ್ರೆ ಬೇಕು ಎಂದೆ. ಚೀಟಿ ಇಲ್ಲದೆ ಕೊಟ್ಟರೆ ತನ್ನ ಅಂಗಡಿಗೇ ಬೀಗ ಬೀಳುತ್ತದೆ ಎಂದಳು. ನನ್ನ ರಕ್ತ ಕುದಿಯಿತು.

"ನೋಡಮ್ಮ, ಮೂವತ್ತು ವರ್ಷದಿಂದ ಜನರ ಗಂಟಲ ಮೇಲೆ ಕತ್ತಿ ಆಡಿಸ್ತಿದೀನಿ. ನನ್ನ ಕುರ್ಚೀಲಿ ಕೂರೋಕೆ ಮುಂಚೆ ಒಬ್ಬನಾದ್ರೂ ನನ್ ಹತ್ರ ಚೀಟಿ ಕೇಳಿದಾನಾ? ಒಂದು ಗುಳಿಗೆಗೆ ನನ್ನ ನಂಬಲ್ವಾ ನೀನು?"

"ಕತ್ತಿ ಜಾರಿದ್ರೆ ಗಿರಾಕಿ ಕೂಗ್ತಾರೆ ಸರ್," ಅಂದಳು ಅವಳು, ದನಿ ಏರಿಸದೆ. "ಈ ಮಾತ್ರೆ ತಪ್ಪಿದ್ರೆ ಕೂಗೋಕೆ ನೀವೇ ಎಚ್ಚರ ಇರಲ್ಲ."

ಅಂಗಡಿಯಲ್ಲಿದ್ದವರು ನಕ್ಕರು. ನಾನು ಕೆಮ್ಮಿನ ಚಪ್ಪರಿಸುವ ಗುಳಿಗೆ ಕೊಂಡು, ಅದಕ್ಕೇ ಬಂದವನಂತೆ ಹೊರಬಿದ್ದೆ.

ನಮ್ಮ ಓಣಿಯಲ್ಲಿ ಯಾವ ಸುದ್ದಿಯೂ ಎರಡು ಮನೆ ದಾಟುವಷ್ಟರಲ್ಲಿ ತಿಂಡಿಯಾಗಿ ಹಿಂತಿರುಗುತ್ತದೆ. ಬುಧವಾರ ಪಕ್ಕದ ಮನೆಯ ಸುಪಾರ್ತಿ ಒಂದು ತಟ್ಟೆ ಬಾಳೆಹಣ್ಣಿನ ಬಜ್ಜಿ ತಂದು ನನ್ನ ಕೈಗೇ ಕೊಟ್ಟಳು. ಬಜ್ಜಿಯ ಕೆಳಗೆ ಕಾಗದದಲ್ಲಿ ಸುತ್ತಿದ ಎರಡು ಮಾತ್ರೆಗಳಿದ್ದವು. ಅವಳ ಗಂಡನಿಗೆ ಆಪರೇಷನ್ ಆದಾಗ ಡಾಕ್ಟರು ಬರೆದುಕೊಟ್ಟದ್ದರಲ್ಲಿ ಉಳಿದವು. ನಮ್ಮಲ್ಲಿ ಹಾಗೆಯೇ, ಒಬ್ಬರ ಮನೆಯಲ್ಲಿ ಉಳಿದ ಔಷಧಿ ಇನ್ನೊಬ್ಬರ ಕಾಯಿಲೆಗೆ ಕಾಯುತ್ತಿರುತ್ತದೆ. ಅರ್ಧ ನುಂಗಿದರೆ ಸಾಕು ಎಂದಳು. ಅವಳ ಗಂಡ ಕಡ್ಡಿಯಂಥ ಆಳು. ನನ್ನ ಗಾತ್ರಕ್ಕೆ ಲೆಕ್ಕ ಹಾಕಿದೆ. ಎರಡೂ ಬೇಕು ಎಂದಾಯಿತು! ವೈದ್ಯಶಾಸ್ತ್ರ ಇಷ್ಟು ಸುಲಭವಾಗಿರುವಾಗ ಜನ ಯಾಕೆ ಆರೇಳು ವರ್ಷ ಓದುತ್ತಾರೋ!

ಮಾರನೆಯ ದಿನ ಗುರುವಾರ. ಗುರುವಾರ ರಾತ್ರಿಯ ಗಸ್ತು ನಮ್ಮ ತಂಡದ್ದು. ಓಣಿಯ ಪ್ರತಿ ಗಂಡಸೂ ವಾರಕ್ಕೊಂದು ರಾತ್ರಿ ಗಸ್ತಿನ ಕಟ್ಟೆಯಲ್ಲಿ ಕೂತು, ಬಿದಿರಿನ ಕೊಳವೆ ಬಡಿದು, ಮನೆಮನೆಯ ಬಾಗಿಲಲ್ಲಿ ನೇತುಹಾಕಿದ ಡಬ್ಬಿಯಿಂದ ಓಣಿಯ ಖರ್ಚಿಗೆಂದು ಹಿಡಿ ಅಕ್ಕಿ ಎತ್ತಿಕೊಂಡು ಬರಬೇಕು. ನಮ್ಮ ತಂಡದಲ್ಲಿ ಪುರ್ವಾದಿಯವರು, ಸೋಯಾ ಕಾಳಿನ ತೆಂಪೆ ಮಾರುವ ಗಿಮನ್, ಶಾಲಾಮೇಷ್ಟ್ರು ಸುದಾರ್ನೊ ಮತ್ತು ನಾನು. ನನ್ನ ನಿದ್ದೆ ಹಾರಿಹೋದಂದಿನಿಂದ ಆ ಮೂವರೂ ಕಟ್ಟೆಯ ಮೇಲೆ ಸಾಲಾಗಿ ಮಲಗಿಬಿಡುತ್ತಿದ್ದರು. ಮಾರ್ದಿಯೊ ಎಚ್ಚರ ಇದ್ದಾನಲ್ಲ! ಬೇರೆ ದಿನಗಳ ತಂಡದವರೂ ನನ್ನನ್ನು ಕಾಫಿಗೆ ಕರೆದು ಕೂರಿಸಿ, ತಾವು ಉರುಳಿಕೊಳ್ಳುತ್ತಿದ್ದರು. ನಮ್ಮ ಓಣಿಗೆ ಮೂರು ತಿಂಗಳು ಕಳ್ಳ ಬರಲಿಲ್ಲವೆಂದರೆ ಅದು ನನ್ನ ಕಾಯಿಲೆಯ ಪುಣ್ಯ.

ಗಸ್ತು ಮುಗಿದ ಮೇಲೆ ಮಲಗೋಣವೆಂದು ಯೋಚಿಸಿದ್ದೆ. ಆದರೆ ನಿದ್ದೆಮಾತ್ರೆ ಕೆಲಸ ಮಾಡಲು ಹೊತ್ತು ಹಿಡಿಯುತ್ತದೆ, ಮುಂಚೆಯೇ ನುಂಗಿದರೆ ಮನೆ ತಲುಪುವ ಹೊತ್ತಿಗೆ ಹದವಾಗಿರುತ್ತದೆ ಎಂದು ಹೊಳೆಯಿತು. ಎರಡನ್ನೂ ಬಾಯಿಗೆ ಹಾಕಿಕೊಂಡು, ಮೇಲೊಂದು ಲೋಟ ಗಟ್ಟಿ ಕಾಫಿ ಕುಡಿದೆ. ಮೂವರೂ ಆಗಲೇ ಮಲಗಿದ್ದರು. ನನಗೆ ನೆನಪಿರುವುದು ಇಷ್ಟೇ.

ಬೆಳಗ್ಗೆ ಎಚ್ಚರವಾದಾಗ ನಾನು ನನ್ನ ಅಂಗಡಿಯ ಕುರ್ಚಿಯಲ್ಲಿದ್ದೆ. ಆಹಾ, ಎಂಥ ನಿದ್ದೆ! ಮೈಯೆಲ್ಲ ಹಗುರ! ಗೆದ್ದೆ ಎಂದು ಕೂಗಬೇಕೆನ್ನುವಷ್ಟರಲ್ಲಿ ಕಾಲ ಬಳಿ ನನ್ನ ಕ್ಷೌರದ ಪೆಟ್ಟಿಗೆ ಬಾಯಿ ತೆರೆದು ಬಿದ್ದಿರುವುದು ಕಂಡಿತು. ನನ್ನ ಅಂಗಿಯ ಮೇಲೆ ಕೂದಲಿತ್ತು. ಅದರಲ್ಲಿ ಬಿಳಿಯದೂ ಇತ್ತು, ಕರಿಯದೂ ಇತ್ತು, ಗಿಮನ್ ಹಾಕಿಕೊಳ್ಳುವ ಬಣ್ಣದ ಕೆಂಚಿನದೂ ಇತ್ತು.

ಶುಕ್ರವಾರ ಮಧ್ಯಾಹ್ನ ಮಸೀದಿಯ ಪ್ರಾರ್ಥನೆಯಲ್ಲಿ ಎಲ್ಲವೂ ಬಯಲಾಯಿತು. ಮುಂದಿನ ಸಾಲಿನಲ್ಲಿ ಮೂವರು ಗೌರವಸ್ಥರು ಕಪ್ಪು ಟೋಪಿಯನ್ನು ಕಿವಿಯವರೆಗೆ ಎಳೆದುಕೊಂಡು ನಿಂತಿದ್ದರು. ಟೋಪಿ ನೆತ್ತಿಯನ್ನು ಮುಚ್ಚೀತು, ಹಿಂಭಾಗವನ್ನು ಮುಚ್ಚುವುದಿಲ್ಲ. ಮೂವರಿಗೂ ಚಿಪ್ಪು ಕಟಿಂಗ್! ಒಂದೇ ಅಳತೆ, ಒಂದೇ ಅಂಚು, ನುಣ್ಣಗೆ ಬೋಳಿಸಿದ ಗಡ್ಡ, ಕೆಲಸದಲ್ಲಿ ಮಾತ್ರ ಒಂದು ಕೊಂಕು ಇರಲಿಲ್ಲ. ಪುರ್ವಾದಿಯವರಿಗೆ ಇನ್ನೂ ಒಂದು ನಷ್ಟವಾಗಿತ್ತು. ಮೀಸೆ ಹುಡುಕಿದ ನನ್ನ ಕೈಗೆ ಅದು ಸಿಗದೆ ಮೇಲಕ್ಕೆ ಹೋಗಿರಬೇಕು. ಎಡಗಡೆಯ ಹುಬ್ಬು ಇರಲಿಲ್ಲ.

ಮಜಾ ಏನೆಂದರೆ, ಯಾರೂ ನನ್ನ ಮೇಲೆ ದೂರು ಕೊಡುವ ಹಾಗಿರಲಿಲ್ಲ. ಯಾವಾಗ ಮಾಡಿದ ಎಂದು ಕೇಳಿದರೆ ಗಸ್ತಿನ ಹೊತ್ತಿನಲ್ಲಿ ಎನ್ನಬೇಕು. ನೀವೇನು ಮಾಡುತ್ತಿದ್ದಿರಿ ಎಂದರೆ? ಮೇಷ್ಟ್ರು ಇದು ಹೊಸ ಫ್ಯಾಷನ್ ಎಂದರಂತೆ. ಗಿಮನ್ ಹರಕೆ ಎಂದನಂತೆ. ಪುರ್ವಾದಿಯವರು ಉಳಿದ ಹುಬ್ಬನ್ನು ಏರಿಸಿ ನನ್ನನ್ನು ನೋಡಿದರು. ನಾನು ಎದೆ ಉಬ್ಬಿಸಿಯೇ ನಡೆದೆ. ನಿದ್ದೆ ಬಂದಿತೋ ಇಲ್ಲವೋ? ಶಪಥ ನೆರವೇರಿತೋ ಇಲ್ಲವೋ?

ಮನೆಗೆ ಬಂದಾಗ ಸುಮಿರಾ ಹಿತ್ತಲಲ್ಲಿ ನನ್ನ ಪೆಟ್ಟಿಗೆಯ ಸಾಮಾನು ತೊಳೆಯುತ್ತಿದ್ದಳು. ಮಡಚುವ ಕತ್ತಿಯನ್ನು ಎತ್ತಿ ತೋರಿಸಿದಳು. ಅದು ಬಿಚ್ಚಿತ್ತು, ಅಲಗಿನ ಮೇಲೆ ಒಣಗಿದ ಸೋಪಿನ ನೊರೆ ಇತ್ತು.

"ಆ ಮೂರು ಗಂಟ್ಲೂ ಇದರ ಕೆಳಗೇ ಇದ್ವು ರೀ," ಅಂದಳು. "ನಿಮಗೆ ಒಂದಾದ್ರೂ ನೆನಪಿದೆಯಾ?"

ನನ್ನ ಎದೆ ಅಲ್ಲಿಯೇ ಇಳಿಯಿತು. ಭಯವಾಯಿತು, ಸುಳ್ಳು ಹೇಳುವುದಿಲ್ಲ. ಮೂವತ್ತು ವರ್ಷ ಒಬ್ಬರಿಗೂ ಒಂದು ಹನಿ ರಕ್ತ ಬರದಂತೆ ನೋಡಿಕೊಂಡ ಕೈಯನ್ನು ತಿರುಗಿಸಿ ತಿರುಗಿಸಿ ನೋಡಿದೆ. ಅದು ಬೇರೆ ಯಾರದೋ ಕೈ ಅನ್ನಿಸಿತು.

ಶನಿವಾರ ಹೆಲ್ತ್ ಸೆಂಟರಿಗೆ ಹೋದೆ. ಶರಣಾಗಲು ಅಲ್ಲ, ಕತ್ತಿಯ ಮರ್ಯಾದೆ ಉಳಿಸಲು ಎಂದು ದಾರಿಯುದ್ದಕ್ಕೂ ಸುಮಿರಾಗೆ ಹೇಳಿಕೊಂಡೇ ಹೋದೆ. ಡಾಕ್ಟರ್ ಲಾರಸ್ ನನ್ನನ್ನು ಸ್ಟೂಲಿನ ಮೇಲೆ ಕೂರಿಸಿ, ತೋಳಿಗೆ ಬಿ.ಪಿ. ಪಟ್ಟಿ ಸುತ್ತಿದಳು. ನಾನು ಕೊಸರಾಡಿದೆ.

"ಅಲ್ಲಾಡ್ದೆ ಕೂತ್ಕೊಳ್ಳಿ ಚಿಕ್ಕಪ್ಪ. ಒಂದೇ ನಿಮಿಷ. ಆಮೇಲೆ ಎಷ್ಟು ಚೆನ್ನಾಗಿ ಕಾಣ್ತೀರಿ ನೋಡಿ."

ಇಪ್ಪತ್ತನಾಲ್ಕು ವರ್ಷದ ಹಿಂದೆ ನಾನು ಅವಳಿಗೆ ಹೇಳಿದ ಮಾತು, ಒಂದಕ್ಷರ ಬಿಡದೆ! ಅಲ್ಲಾಡದೆ ಕೂತೆ.

ದಿನಕ್ಕೆ ಎಷ್ಟು ಕಾಫಿ ಎಂದು ಕೇಳಿದಳು. ಎರಡು ಎಂದೆ. ಹಿಂದಿನಿಂದ ಸುಮಿರಾ "ಎರಡು ಫ್ಲಾಸ್ಕು" ಅಂದಳು. ಹಗಲು ಮಲಗುತ್ತೀರಾ ಎಂದಳು. ಇಲ್ಲ ಎಂದೆ. ಗಿರಾಕಿ ಇಲ್ಲದಾಗೆಲ್ಲ ಕುರ್ಚಿಯಲ್ಲೇ ಎಂದು ಹಿಂದಿನಿಂದ ಬಂತು. ಬೇರೆ ತಂಡದವರ ಗಸ್ತಿಗೂ ಹೋಗಿ ಕೂರುವುದು, ಬಜ್ಜಿಯ ಕೆಳಗಿನ ಮಾತ್ರೆ, ನಾನು ಹಾಕಿದ ಗಾತ್ರದ ಲೆಕ್ಕ, ಎಲ್ಲವೂ ಹೊರಬಂತು. ಲಾರಸ್ ನಗಲಿಲ್ಲ. ಆ ಜಾತಿಯ ಮಾತ್ರೆ ನುಂಗಿ ಹಾಸಿಗೆಗೆ ಹೋಗದಿದ್ದರೆ ಕೆಲವರಲ್ಲಿ ತಲೆ ಮಲಗಿ ಕೈಕಾಲು ಎದ್ದು ಓಡಾಡುವುದುಂಟು, ಇನ್ನೊಬ್ಬರಿಗೆ ಬರೆದುಕೊಟ್ಟದ್ದನ್ನು ಮುಟ್ಟಲೇಬಾರದು ಎಂದಳು. ಮೊದಲು ಎರಡು ವಾರ ಮಾತ್ರೆಯೇ ಇಲ್ಲ. ಮಧ್ಯಾಹ್ನದ ಮೇಲೆ ಕಾಫಿ ಇಲ್ಲ, ಕುರ್ಚಿ ನಿದ್ದೆ ಇಲ್ಲ, ಗಸ್ತು ಇಲ್ಲ. ಎಷ್ಟು ಹೊತ್ತಿಗೆ ಮಲಗಿದೆ, ಎದ್ದೆ ಎಂದು ಪ್ರತಿದಿನ ಒಂದು ನೋಟ್‌ಬುಕ್ಕಿನಲ್ಲಿ ಬರೆಯಬೇಕು. ಬರೆಯುವವರು ನಾನಲ್ಲ, ಸುಮಿರಾ!

ಎರಡು ವಾರದ ನಂತರ ಲಾರಸ್ ನೋಟ್‌ಬುಕ್ಕು ನೋಡಿ ಸಹಿ ಹಾಕಿದಳು. ಅರ್ಧ ದಾರಿ ಬಂದಿದ್ದೀರಿ ಎಂದು ಸಣ್ಣ ಪ್ರಮಾಣದ ಏಳೇ ಏಳು ಮಾತ್ರೆ ಬರೆದಳು. ಹಾಸಿಗೆಯ ಮೇಲೆ ಕೂತೇ ನುಂಗಬೇಕು, ನುಂಗುವ ಮೊದಲು ಕತ್ತಿಯ ಪೆಟ್ಟಿಗೆಯ ಬೀಗದ ಕೈ ಸುಮಿರಾ ಕೈಗೆ ಹೋಗಬೇಕು. ಔಷಧಿ ಅಂಗಡಿಯ ಕನ್ನಡಕದ ಹುಡುಗಿ ಚೀಟಿಯನ್ನು ಎರಡು ಸಲ ಓದಿ, ಕೆಮ್ಮು ಹೇಗಿದೆ ಎಂದು ವಿಚಾರಿಸಿದಳು. ಏಳು ಮಾತ್ರೆ ಮುಗಿಯಿತು. ಎಂಟನೆಯ ದಿನ ನಿದ್ದೆ ತಾನಾಗಿ ಬಂತು.

ಆದರೆ ಕುರ್ಚಿ ಖಾಲಿಯೇ ಇತ್ತು. ಹೊಸ ಹೊದಿಕೆ ಒಗೆದು ಹರವಿದೆ, ಕನ್ನಡಿ ಒರೆಸಿದೆ, ಬಾಗಿಲಲ್ಲಿ ನಿಂತು ಎಲ್ಲರಿಗೂ ನಮಸ್ಕಾರ ಹೇಳಿದೆ. ಜನ ಕುಶಲ ಕೇಳಿ ಮುಂದೆ ಹೋಗುತ್ತಿದ್ದರು. ಓಣಿಯ ತಲೆಗಳೆಲ್ಲ ಕಾಡಿನಂತೆ ಬೆಳೆಯುತ್ತಿದ್ದವು, ನನ್ನ ಹೊಟ್ಟೆ ಉರಿಯುತ್ತಿತ್ತು. ಮಾತ್ರೆ ಮುಗಿದ ಹತ್ತನೆಯ ದಿನ ಪುರ್ವಾದಿಯವರು ಬಂದರು. ಹುಬ್ಬು ಅರ್ಧ ಬಂದಿತ್ತು, ಮೀಸೆ ಚಿಗುರಿತ್ತು. ಅವರ ಹಿಂದೆ ಗಿಮನ್, ಅವನ ಹಿಂದೆ ಮೇಷ್ಟ್ರು ಬಂದು ಬೆಂಚಿನ ಮೇಲೆ ಕೂತರು. ನಾನು ಕುರ್ಚಿ ಕೊಡವಿ ಹೊದಿಕೆ ಬಿಡಿಸಿದೆ. ಪುರ್ವಾದಿಯವರು ಕೂರಲಿಲ್ಲ. ನನ್ನ ಮುಂದೆ ಕೈ ಚಾಚಿದರು.

"ಮೊದ್ಲು ಚೀಟಿ ತೋರ್ಸು."

"ಡಾಕ್ಟರಿಗೆ ತೋರ್ಸಿ ಆಯ್ತು, ಔಷಧಿ ಅಂಗಡೀಲಿ ತೋರ್ಸಿ ಆಯ್ತು," ಅಂತ ರೇಗಿದೆ ನಾನು. "ನನ್ನ ಅಂಗಡೀಲೇ ನಾನು ಗಿರಾಕಿಗೆ ತೋರಿಸ್ಬೇಕಾ?"

ಅವರು ಬೆರಳಿನಿಂದ ಎಡಹುಬ್ಬನ್ನು ಮುಟ್ಟಿ ತೋರಿಸಿದರು. ಅಷ್ಟರಲ್ಲಿ ಸುಮಿರಾ ಒಳಗಿನಿಂದ ನೋಟ್‌ಬುಕ್ಕು ತಂದು ಅವರ ಕೈಗಿಟ್ಟಳು. ಪುರ್ವಾದಿಯವರು ಕನ್ನಡಕ ಹಾಕಿಕೊಂಡು, ನಿನ್ನೆಯ ಸಾಲಿನ ಮೇಲೆ ಬೆರಳಿಟ್ಟು, ಮಲಗಿದ್ದು ಹತ್ತು, ಎದ್ದದ್ದು ನಾಲ್ಕೂಮುಕ್ಕಾಲು, ಗೊರಕೆ ಉಂಟು ಎಂದು ಎಲ್ಲರಿಗೂ ಕೇಳಿಸುವಂತೆ ಓದಿದರು. ಮಗಳ ಸಹಿಯನ್ನು ಬೆಳಕಿಗೆ ಹಿಡಿದು ನೋಡಿದರು. ಆಮೇಲೆ ಕುರ್ಚಿಯಲ್ಲಿ ಕೂತು, ಗಲ್ಲ ಎತ್ತಿ ಗಂಟಲು ಕೊಟ್ಟರು.

ನಾನು ಕತ್ತಿ ಬಿಡಿಸಿದೆ. ಕಣ್ಣು ಯಾಕೋ ಮಂಜಾಯಿತು, ನಿದ್ದೆಯಿಂದಲ್ಲ. ಕಣ್ಣೊರೆಸಿಕೊಂಡೆ. ಅಷ್ಟರಲ್ಲಿ ಬೆಂಚಿನಿಂದ ಗಿಮನ್ ಕೈ ಚಾಚಿದ.

"ಓದಿ ಆಯ್ತಲ್ಲ, ಆ ಪುಸ್ತಕ ಈ ಕಡೆ ಕೊಡಿ. ಮುಂದಿನ ಪಾಳಿ ನಂದು."