ಕುಯ್ಕ್ ಅನ್ನದ ಕಾರುಗಳು

ರಿಮೋಟು ಕೆಟ್ಟಿದೆ ಎಂದು ಯಾರಾದರೂ ನನ್ನ ಬಳಿ ಬಂದರೆ, ರಿಮೋಟೊಂದನ್ನು ಬಿಟ್ಟು ಮಿಕ್ಕಿದ್ದೆಲ್ಲ ಕೆಟ್ಟಿರುತ್ತದೆ. ಇದು ಒಂದು ಸಲ ಎರಡು ಸಲ ಆಗಿದ್ದಲ್ಲ, ಈ ಕಸುಬು ಹಿಡಿದ ದಿನದಿಂದ ಆಗುತ್ತಲೇ ಬಂದಿದೆ.

ತೊಂಬತ್ತರ ದಶಕದ ಕೊನೆಯ ಮಾತು. ಹಿಂದೂಪುರದಲ್ಲಿ ನನ್ನ ಸೋದರಮಾವನದೊಂದು ಶೆಡ್ಡಿತ್ತು. ಲಾರಿ, ಟ್ರಾಕ್ಟರುಗಳ ಡೈನಮೋ ಬಿಚ್ಚಿ ತಂತಿ ಸುತ್ತುವುದು ಅವನ ಕೆಲಸ. ನಾನು ಬೆಂಗಳೂರಿನಲ್ಲಿ ಆರು ತಿಂಗಳಿದ್ದು, ಕಾರಿಗೆ ರಿಮೋಟ್ ಲಾಕ್ ಕೂರಿಸುವುದನ್ನು ಕಲಿತು ಬಂದೆ. ಗುಂಡಿ ಒತ್ತಿದರೆ ಕಾರು ‘ಕುಯ್ಕ್’ ಅನ್ನುತ್ತದೆ, ನಾಲ್ಕೂ ಬಾಗಿಲಿನ ಲಾಕು ಒಟ್ಟಿಗೆ ಬಿಡುತ್ತದೆ. ಊರಿಗೇ ಹೊಸದು. ಆದರೆ ಮಾವನಿಗೆ ಕಣ್ಣಿಗೆ ಕಾಣದ ತಂತಿಯ ಮೇಲೆ ನಂಬಿಕೆಯಿಲ್ಲ.

“ಅರ್ಧ ಶೆಡ್ಡು ಬಿಟ್ಕೊಡ್ತೀನಿ. ಯುಗಾದಿ ತನಕ ನೋಡ್ತೀನಿ. ನಿನ್ನ ಕುಯ್ಕ್ ಸಾಮಾನು ಕೈ ಕೊಡ್ತು ಅಂತ ಊರೆಲ್ಲ ಆಡ್ಕಂಡ್ರೆ, ಬಾಯಿ ಮುಚ್ಕಂಡು ಬಂದು ತಂತಿ ಸುತ್ಬೇಕು ಕಣ್ಲಾ” ಎಂದುಬಿಟ್ಟ.

ಹೀಗಾಗಿ ಯಾರದಾದರೂ ರಿಮೋಟು ಕೆಲಸ ಮಾಡುತ್ತಿಲ್ಲ ಎಂಬ ಸುದ್ದಿ ಬಂದರೆ ನಾನು ಮೊದಲು ಮಾವನ ಮುಖ ನೋಡುತ್ತಿದ್ದೆ. ತಂತಿ ಸುತ್ತುವುದು ಕೆಟ್ಟ ಕೆಲಸವೇನಲ್ಲ. ಮಾವನ ಬಾಯಲ್ಲಿ “ನಾನು ಆವತ್ತೇ ಹೇಳಿದ್ದೆ” ಎಂದು ದಿನಾ ಕೇಳಿಸಿಕೊಳ್ಳುತ್ತಾ ಸುತ್ತುವುದು ಮಾತ್ರ ನನ್ನಿಂದ ಆಗುವಂಥದ್ದಲ್ಲ.

ಮೊದಲು ಬಾಗಿಲು

ಬೆಳುಗುಪ್ಪದ ರೈತರೊಬ್ಬರು ಕಲ್ಯಾಣದುರ್ಗದಲ್ಲಿ ಬಸ್ಸು ಬದಲಾಯಿಸಿ, ಅರ್ಧ ದಿನ ಕೂತು ಬಂದರು. ಟವೆಲಿನ ಗಂಟು ಬಿಚ್ಚಿ ರಿಮೋಟನ್ನು ನನ್ನ ಕೈಗಿಟ್ಟರು.

“ಮಾತಾಡ್ತಾನೇ ಇಲ್ಲ ಕಣಪ್ಪ.”

“ಕಾರೆಲ್ಲಣ್ಣಾ?”

“ಕಾರು ಮನೆತಾವೈತೆ. ಕೆಟ್ಟಿರಾದು ಇದು, ಅದ್ಕೆ ಇದನ್ನೇ ತಂದಿವ್ನಿ.”

ತರ್ಕದಲ್ಲಿ ತಪ್ಪು ಹುಡುಕಲು ಆಗಲಿಲ್ಲ. ಹೊಸ ಸೆಲ್ಲು ಹಾಕಿದೆ, ಪುಟ್ಟ ಕೆಂಪು ದೀಪ ಹತ್ತಿತು, ಅವರು ಖುಷಿಯಾಗಿ ಹೋದರು. ನಾಲ್ಕನೇ ದಿನ ಮತ್ತೆ ಅದೇ ಟವೆಲು, ಅದೇ ಗಂಟು. ಈ ಸಲ ರಿಮೋಟನ್ನು ಪೂರ್ತಿ ಬಿಚ್ಚಿ, ಒರೆಸಿ, ಮೀಟರು ಹಿಡಿದು ನೋಡಿದೆ. ಒಂದು ಕುಂದಿಲ್ಲ. ಆಚೆ ಕಡೆಯಿಂದ ಮಾವ ನೋಡಿಯೂ ನೋಡದವನಂತೆ ನೋಡುತ್ತಿದ್ದ.

ಕೊನೆಗೆ ಹೊಳೆಯಿತು. “ಅಣ್ಣಾ, ಕಾರಿನ ಹಾರನ್ ಹೊಡೀತದಾ? ಲೈಟ್ ಹತ್ತುತ್ತಾ?”

“ಇಲ್ಲ ಕಣಪ್ಪ. ಗಾಡಿ ಸ್ಟಾರ್ಟಾಗಿ ತಿಂಗಳಾಯ್ತಲ್ಲ.”

ಕಾರಿನ ಬ್ಯಾಟರಿಯೇ ಸತ್ತು ಮಲಗಿದೆ! “ಅದನ್ನ ಮೊದ್ಲೇ ಹೇಳಬಾರದಿತ್ತಾ ಅಣ್ಣಾ?” ಎಂದು ಹಣೆ ಚಚ್ಚಿಕೊಂಡೆ.

ಅವರು ಸಮಾಧಾನವಾಗಿ ಹೇಳಿದರು: “ಒಂದೊಂದಾಗಿ ಮಾಡ್ಸಾನ ಅಂತಿದ್ದೆ. ಮೊದ್ಲು ಬಾಗ್ಲು ತಗೀಲಿ, ಓಡಾದು ಆಮೇಲಿನ ಮಾತು.”

ಎಲೆಯೊಂದು ಕಡಿಮೆ

ಸೋಮಂದೇಪಲ್ಲಿಯ ಯಜಮಾನರೊಬ್ಬರ ರಿಮೋಟು ಹದಿನೈದು ದಿನಕ್ಕೇ ನಿಂತುಹೋಯಿತು. ಬಿಚ್ಚಿ ನೋಡಿದರೆ ಒಳಗೆಲ್ಲ ಬೆಳ್ಳಗೆ ಸುಣ್ಣ ಬಳಿದಿದೆ. ಸುಣ್ಣದ ನಡುವೆ ಹೊಗೆಸೊಪ್ಪಿನ ಪುಡಿ. ಮೂಲೆಯಲ್ಲಿ ಒಂದು ಲವಂಗ.

“ಇದನ್ನ ಎಲ್ಲಿಡ್ತೀರಾ ಯಜಮಾನ್ರೇ?”

“ಎಲ್ಲಿಡ್ತಾರೆ? ಸಂಚೀಲಿ.” ಸೊಂಟದಿಂದ ಎಲೆಯಡಿಕೆ ಸಂಚಿ ತೆಗೆದು ತೋರಿಸಿದರು. “ಕಳೀಬಾರದು ಅನ್ನೋ ಸಾಮಾನೆಲ್ಲ ಇಲ್ಲೇ ಕಣಪ್ಪ.”

ಸುಣ್ಣ ತಾಮ್ರವನ್ನು ತಿನ್ನುತ್ತದೆ, ಸುಣ್ಣ ಬೇರೆ ಇಡಿ ಎಂದು ಬಿಡಿಸಿ ಹೇಳಿದೆ. ಅವರು ರೇಗಿದರು. “ಸುಣ್ಣ ಒಂದ್ಕಡೆ, ಎಲೆ ಒಂದ್ಕಡೆ ಇಟ್ಕಂಡು ಊರೂರು ತಿರುಗಲಾ? ಸುಣ್ಣ ತಡ್ಕಳ್ಳೋ ಅಂಥದ್ದು ಕೊಡು!”

ಗಲಾಟೆ ಕೇಳಿ ಮಾವ ಕನ್ನಡಕ ಏರಿಸಿಕೊಂಡು ಬಂದ. ಬಿಚ್ಚಿಟ್ಟ ರಿಮೋಟಿಗೆ ಬಗ್ಗಿ ಬಹಳ ಹೊತ್ತು ನೋಡಿದ. “ಸುಣ್ಣ ಐತೆ, ಹೊಗೆಸೊಪ್ಪೈತೆ, ಲವಂಗ ಐತೆ. ಎಲೆ ಒಂದೇ ಕಮ್ಮಿ” ಎಂದ.

ಯಜಮಾನರು ಸಂಚಿಗೆ ಕೈ ಹಾಕಿ ಎರಡು ಎಲೆ ತೆಗೆದು ಮಾವನ ಮುಂದೆ ಹಿಡಿದರು. ಮಾವ ನನ್ನ ರಿಮೋಟಿನ ಸುಣ್ಣವನ್ನೇ ಎಲೆಗೆ ಬಳಿದು ಬಾಯಿಗೆ ಹಾಕಿಕೊಂಡ.

ಬರೀ ನೀರು

ನಮ್ಮ ಬೀದಿಯಲ್ಲೇ ಮಗ್ಗಗಳಿದ್ದ ಮನೆಯೊಂದು ಹೊಸ ಕಾರು ತಂದಿತು. ರಿಮೋಟು ಕೂರಿಸಿಕೊಟ್ಟೆ. ವಾರ ಕಳೆಯುವಷ್ಟರಲ್ಲಿ ಆ ಮನೆಯ ಅಮ್ಮನವರೇ ಬಂದರು.

“ನೋಡಪ್ಪ, ದೇವಸ್ಥಾನಕ್ಕೆ ಹೋಗಿ ಪೂಜೆ ಮಾಡ್ಸಿದ್ಮೇಲೆ ಕೆಲಸ ನಿಲ್ಲಿಸ್ಬುಡ್ತು. ಅದಕ್ಕೂ ಮುಂಚೆ ಚೆನ್ನಾಗಿತ್ತು.”

ದೇವರ ಮೇಲೆ ದೂರು ಹೇಳಿದ ಮೊದಲ ಗಿರಾಕಿ ಇವರೇ. ರಿಮೋಟನ್ನು ಕೈಗೆ ತೆಗೆದುಕೊಂಡರೆ ಅಂಟಂಟು. ಮುಚ್ಚಳ ಎತ್ತಿದೆ. ಒಳಗಿಂದ ಕೆಂಪಿರುವೆಗಳು ಸಾಲಾಗಿ ಹೊರಟು ನನ್ನ ಮುಂಗೈ ಹತ್ತಿ, ಮೊಣಕೈ ದಾಟಿ ನಡೆದವು. ಪೂಜಾರಿಯವರು ಬೀಗದ ಕೈಯನ್ನು ರಿಮೋಟಿನ ಸಮೇತ ದೇವರ ಪಾದದಲ್ಲಿ ಇಟ್ಟಿದ್ದರಂತೆ. ಅಭಿಷೇಕದ ಹೊತ್ತಿನಲ್ಲಿ ಹಾಲು, ಮೊಸರು, ತುಪ್ಪ, ಜೇನು, ಸಕ್ಕರೆ ಒಂದೂ ತಪ್ಪದೆ ಅದಕ್ಕೂ ಸೇರಿದೆ.

“ಅಮ್ಮಾ, ಪಂಚಾಮೃತ ಮಾತ್ರ ಇದಕ್ಕೆ ಆಗಿಬರಲ್ಲ” ಎಂದು ಕೈ ಮುಗಿದೆ.

“ಅಯ್ಯೋ, ನಮಗೇನ್ ಗೊತ್ತಪ್ಪ? ಆಗ್ಲಿ ಬಿಡು. ಇನ್ಮೇಲೆ ಪ್ರತಿ ಶುಕ್ರವಾರ ಬರೀ ನೀರಲ್ಲೇ ಮಾಡ್ತೀವಿ.”

ಒಂದು ಕುಯ್ಕ್ ಟೀ

ಕೊಡಿಕೊಂಡದ ಡಾಬಾ ಮಾಲೀಕರೊಬ್ಬರು ಹತ್ತು ದಿನಕ್ಕೊಂದು ಸೆಲ್ಲು ಮುಗಿಸುತ್ತಿದ್ದರು. ಒಂದು ವರ್ಷ ಬರಬೇಕಾದ ಸೆಲ್ಲದು. ಎಲ್ಲೋ ಕರೆಂಟು ಸೋರುತ್ತಿರಬೇಕು ಎಂದು ಎರಡು ಸಲ ರಿಮೋಟೇ ಬದಲಾಯಿಸಿದೆ. ಆದರೂ ಅದೇ ಪಾಡು. ಕೊನೆಗೆ ನಾನೇ ಬಸ್ಸು ಹತ್ತಿ ಹೋದೆ.

ಮಾಲೀಕರು ಗಲ್ಲಾದಲ್ಲಿ ಕೂತಿದ್ದರು, ಕಾರು ಎದುರಿಗೇ ನಿಂತಿತ್ತು. “ಬಾಪ್ಪ, ಟೀ ಕುಡಿ” ಎಂದು ರಿಮೋಟು ಒತ್ತಿದರು. ಕಾರು ಕುಯ್ಕ್ ಅಂದಿತು. ಒಳಗಿಂದ ಸಪ್ಲೈಯರು ಟೀ ಹಿಡಿದು ಓಡಿಬಂದ. ಎರಡು ಲಾರಿ ಬಂದು ನಿಂತವು. ಮಾಲೀಕರು ಕುಯ್ಕ್ ಕುಯ್ಕ್ ಅನ್ನಿಸಿದರು. ಎರಡು ಊಟದ ತಟ್ಟೆ ಬಂದವು.

ಕಾಯಿಲೆ ಸಿಕ್ಕಿತು. “ಅಣ್ಣಾ, ಒಂದು ಬೆಲ್ ಇಟ್ಕಳ್ಳಿ” ಎಂದೆ.

“ಬೆಲ್ ಹೊಡುದ್ರೆ ಯಾವನೂ ಬರಲ್ಲ ಕಣಪ್ಪ, ಮಾಲೀಕ ಕರೀತಾವ್ನೆ ಅಂತ ಗೊತ್ತಾಗ್ಬುಡ್ತದೆ. ಕಾರು ಕೂಗುದ್ರೆ ಗಿರಾಕಿ ಬಂದ ಅಂದ್ಕಂಡು ಓಡ್ ಬತ್ತಾರೆ.”

ಬೀಗರ ದೊಡ್ಡ ಮನಸ್ಸು

ಯುಗಾದಿಗೆ ಇನ್ನೊಂದು ತಿಂಗಳಿತ್ತು. ನಮ್ಮೂರಿನ ಸೀರೆ ಸಾಹುಕಾರರ ಮಗಳ ಮದುವೆ ಕಲ್ಯಾಣದುರ್ಗದಲ್ಲಿ, ಗಂಡಿನವರ ಊರಲ್ಲಿ. ಸಾಹುಕಾರರ ಬಿಳಿ ಕಾರಿಗೆ ರಿಮೋಟು ಕೂರಿಸಿದವನು ನಾನೇ, ಹಾಗಾಗಿ ನನಗೂ ಮಾವನಿಗೂ ಕರೆ ಬಂದಿತ್ತು.

ಗಂಡಿನ ತಂದೆ ಮಹಾ ಬಿಗುವಿನ ಮನುಷ್ಯ. ಕಾಫಿ ಆರಿದೆ ಎಂದು ಒಂದು ಸಲ, ಹಾರದಲ್ಲಿ ಹೂವು ಸಣ್ಣದಾಯಿತು ಎಂದು ಒಂದು ಸಲ, ಬೆಳಿಗ್ಗೆಯಿಂದ ಹೆಣ್ಣಿನ ಕಡೆಯವರನ್ನು ತುದಿಗಾಲಲ್ಲಿ ನಿಲ್ಲಿಸಿದ್ದರು. ಸಾಹುಕಾರರು ಅವರ ನೆರಳು ಕಂಡರೂ ಕೈ ಮುಗಿಯುತ್ತಿದ್ದರು.

ಮುಹೂರ್ತಕ್ಕೆ ಅರ್ಧ ಗಂಟೆ ಇರುವಾಗ ಸಾಹುಕಾರರೇ ನಾನು ತಿಂಡಿ ತಿನ್ನುತ್ತಿದ್ದಲ್ಲಿಗೆ ಓಡಿಬಂದರು. “ರಿಮೋಟು ಆಡ್ತಿಲ್ಲ ಕಣಪ್ಪ! ತವರಿನ ತಾಳಿ ಬೊಟ್ಟಿನ ಪೆಟ್ಟಿಗೆ ಕಾರಲ್ಲೇ ಐತೆ!” ನಮ್ಮ ಕಡೆ ತಾಳಿಗೆ ಎರಡು ಬೊಟ್ಟು. ಒಂದು ಗಂಡಿನ ಮನೆಯದು, ಒಂದು ತವರಿನದು. ತವರಿನ ಬೊಟ್ಟಿಲ್ಲದೆ ತಾಳಿ ಕಟ್ಟುವ ಹಾಗಿಲ್ಲ.

ಕೈ ತೊಳೆಯದೆ ಓಡಿದೆ. ಛತ್ರದ ಮುಂದೆ ಬಿಳಿ ಕಾರು ನಿಂತಿತ್ತು, ನಂಬರ್ ಪ್ಲೇಟಿನ ಮೇಲೆ ಚೆಂಡುಹೂವಿನ ಹಾರ ಇಳಿಬಿದ್ದಿತ್ತು. ಒತ್ತಿದೆ. ಸದ್ದಿಲ್ಲ. ವಾಲಗದವರು ಊದುತ್ತಿದ್ದ ಅಬ್ಬರಕ್ಕೆ ಕೇಳಿಸಲಿಲ್ಲವೇನೋ ಎಂದು ಬಾಗಿಲು ಎಳೆದೆ. ಬರಲಿಲ್ಲ. ಜೇಬಿನಲ್ಲಿದ್ದ ಹೊಸ ಸೆಲ್ಲು ಹಾಕಿ ಒತ್ತಿದೆ. ಕಾರಿನ ಸುತ್ತ ಪ್ರದಕ್ಷಿಣೆ ಹಾಕುತ್ತಾ ಐವತ್ತು ಸಲ ಒತ್ತಿದೆ. ಜನ ಸೇರಿತು. ಜನದ ಮುಂದೆ ಮಾವ, ಕೈ ಕಟ್ಟಿಕೊಂಡು. ಮೆಟ್ಟಿಲ ಮೇಲೆ ಗಂಡಿನ ತಂದೆ, ಹುಬ್ಬು ಗಂಟಿಕ್ಕಿಕೊಂಡು.

“ಬೀಗದ ಕೈಲಿ ತಗುದ್ರಾ?” ಎಂದು ಕೇಳಿದೆ.

“ಹಾಕ್ದೆ, ತಿರುಗ್ತಾ ಇಲ್ಲ” ಎಂದರು ಸಾಹುಕಾರರು.

ಬುದ್ಧಿಯಿದ್ದವನಿಗೆ ಅಲ್ಲೇ ತಿಳಿಯಬೇಕಿತ್ತು. ನನಗೆ ಮಾವನ ಮುಖ ಒಂದೇ ಕಾಣುತ್ತಿತ್ತು. “ಬೀಗದೊಳಗೆ ಅಕ್ಷತೆ ಕಾಳು ಹೋಗೈತೆ” ಎಂದು ದೊಡ್ಡ ಡಾಕ್ಟರ ಹಾಗೆ ಹೇಳಿ, ಎಲ್ಲಿಗೆ ಹೋದರೂ ಜೊತೆಗಿರುವ ಉಕ್ಕಿನ ಸ್ಕೇಲು ತೆಗೆದೆ.

“ಬೇಗ ತಗೀಪ್ಪ, ಮುಹೂರ್ತ ಮೀರ್ತದೆ!” ಎಂದು ಮೆಟ್ಟಿಲ ಮೇಲಿಂದ ಗಂಡಿನ ತಂದೆ ಗದರಿದರು.

ಗಾಜಿನ ಪಕ್ಕದ ರಬ್ಬರಿನೊಳಗೆ ಸ್ಕೇಲು ಇಳಿಸಿ ಎರಡು ಸಲ ಮೀಟಿದೆ. ಟಕ್! ಬಾಗಿಲು ತೆರೆಯಿತು. ಜನ ಚಪ್ಪಾಳೆ ತಟ್ಟಿದರು. ಮಾವ ಕೂಡ ಕಟ್ಟಿದ್ದ ಕೈ ಬಿಚ್ಚಿದ. ನನ್ನ ಜೀವನದಲ್ಲಿ ಅಷ್ಟು ಸುಖವಾದ ನಿಮಿಷ ಇನ್ನೊಂದಿಲ್ಲ, ಅದು ಪೂರ್ತಿ ಒಂದು ನಿಮಿಷವೂ ಇರಲಿಲ್ಲ.

ಪೆಟ್ಟಿಗೆ ಕಾರಿನಲ್ಲಿರಲಿಲ್ಲ. ಸಾಹುಕಾರರ ಹೆಂಡತಿ “ಕಳ್ಳತನ ಆಗೋಯ್ತಲ್ಲಪ್ಪೋ” ಎಂದು ಕಂಬಕ್ಕೊರಗಿದರು.

ಅಷ್ಟರಲ್ಲಿ ಹಿಂದಿನ ಅಡಿಗೆಮನೆಯಿಂದ ಭಟ್ಟರೊಬ್ಬರು ಸೌಟು ಹಿಡಿದೇ ಓಡಿಬಂದರು. “ಎವರಿದಯ್ಯಾ ಆ ಕಾರು? ದೆಯ್ಯಂ ಪಟ್ಟಿಂದಿ!” ಆ ಕಾರು ಯಾರದು, ಹಿಂದಿನ ಬೇವಿನ ಮರದ ಕೆಳಗೆ ನಿಂತ ಬಿಳಿ ಕಾರಿಗೆ ದೆವ್ವ ಹಿಡಿದಿದೆ, ತಾನಾಗಿಯೇ ಕುಯ್ಕ್ ಕುಯ್ಕ್ ಅಂತ ಕೂಗುತ್ತಿದೆ, ಒಳಗೆ ಅಜ್ಜಿಯೊಬ್ಬರು ಸಿಕ್ಕಿಕೊಂಡು ಅರಚುತ್ತಿದ್ದಾರೆ!

ಓಡಿ ಹೋಗಿ ನೋಡಿದರೆ ಸಾಹುಕಾರರ ಕಾರು ಅದು, ಮುಂದೆ ನಾನು ಬಾಗಿಲು ಮೀಟಿದ್ದರ ಪಡಿಯಚ್ಚು. ನೆರಳಿಗೆ ಅಂತ ಡ್ರೈವರು ಅಲ್ಲಿ ನಿಲ್ಲಿಸಿ ತಿಂಡಿಗೆ ಹೋಗಿದ್ದ. ಒಳಗಿದ್ದವರು ಮದುಮಗಳ ಅಜ್ಜಿ, ತಾಳಿ ಬೊಟ್ಟಿನ ಪೆಟ್ಟಿಗೆಯನ್ನು ಮಡಿಲಲ್ಲಿಟ್ಟುಕೊಂಡು ಕಾವಲಿಗೆ ಕೂತಿದ್ದರು. ಒಂದೇ ಸಲ ಒತ್ತಿದೆ, ಬಾಗಿಲು ಬಿಟ್ಟುಕೊಂಡಿತು.

“ಯಾವನ್ಲಾ ಅವನು? ನಾನು ಲಾಕು ಎತ್ತಿದ್ರೆ ಅದು ಕೂತ್ಕತದೆ, ನಾನು ಬಿಟ್ರೆ ಅದು ಏಳ್ತದೆ! ಆಗ್ಲಿಂದ ನನ್ ಜೊತೆ ಆಟ ಆಡ್ತಾ ಐತೆ!” ಎಂದು ಅಜ್ಜಿ ಇಳಿದರು. ನಾನು ರಿಮೋಟನ್ನು ಬೆನ್ನ ಹಿಂದೆ ಇಟ್ಟುಕೊಂಡೆ.

ಪೆಟ್ಟಿಗೆ ಒಳಗೆ ಓಡಿತು. ಆಗ ಯಾರೋ ಕೇಳಿದರು, “ಹಂಗಾರೆ ಮುಂದುಗಡೆ ಮೀಟಿ ತಗುದ್ರಲ್ಲ, ಅದ್ಯಾರ ಕಾರು?”

ಮದುಮಗನ ತಮ್ಮ ಹೇಳಿದ, “ನಮ್ಮಪ್ಪಾರದು.”

ಸಾಹುಕಾರರ ಮುಖದಲ್ಲಿ ರಕ್ತವೇ ಉಳಿಯಲಿಲ್ಲ. ಮುಹೂರ್ತದ ಹೊತ್ತಲ್ಲಿ, ಹೆಣ್ಣಿನ ಕಡೆಯವರು, ಬೀಗರ ಕಾರಿನ ಬಾಗಿಲು ಮೀಟಿದ್ದಾರೆ! ಕಾಫಿ ಆರಿದ್ದಕ್ಕೇ ಎಗರಾಡಿದ ಮನುಷ್ಯ ಇದಕ್ಕೆ ಮದುವೆಯನ್ನೇ ನಿಲ್ಲಿಸಿದರೆ? ನನ್ನ ಅರ್ಧ ಶೆಡ್ಡು ಹಾಳಾಗಿ ಹೋಗಲಿ, ಆ ಹುಡುಗಿಯ ಗತಿಯೇನು ಎಂದುಕೊಳ್ಳುತ್ತಾ ಸಾಹುಕಾರರ ಹಿಂದೆ ಛತ್ರದ ಮುಂದಕ್ಕೆ ಓಡಿದೆ. ಗಂಡಿನ ತಂದೆ ಆಗಲೇ ಮೆಟ್ಟಿಲಿಳಿದು ಆ ಕಾರಿನ ಹತ್ತಿರ ನಿಂತಿದ್ದರು.

“ಬೀಗರೇ, ತಪ್ಪಾಗ್ಬುಡ್ತು” ಎಂದು ಸಾಹುಕಾರರು ಅವರ ಕಾಲಿಗೆ ಬೀಳಲು ಬಗ್ಗಿದರು.

ಗಂಡಿನ ತಂದೆ ಅವರ ಭುಜ ಹಿಡಿದು ಎತ್ತಿದರು. ಛತ್ರಕ್ಕೆಲ್ಲ ಕೇಳುವಂತೆ, “ಇರ್ಲಿ ಬಿಡಿ ಬೀಗರೇ. ಶುಭಕಾರ್ಯದಲ್ಲಿ ಇಂಥವೆಲ್ಲ ಮನಸ್ಸಿಗೆ ತಗೋಬಾರದು. ನಾನು ಕ್ಷಮಿಸಿದ್ದೀನಿ” ಎಂದರು. ಎಂಥ ದೊಡ್ಡ ಮನಸ್ಸು ಎಂದು ಹೆಂಗಸರು ಕಣ್ಣೊರೆಸಿಕೊಂಡರು. ಮಾವ ನನ್ನ ಬೆನ್ನಿಗೆ ಗುದ್ದಿ, “ಉಳ್ಕಂಡೆ ಕಣ್ಲಾ” ಎಂದು ಒಳಗೆ ಹೋದ. ಜನರೆಲ್ಲ ತಾಳಿ ನೋಡಲು ಅವನ ಹಿಂದೆ ನುಗ್ಗಿದರು.

ಕಾರಿನ ಹತ್ತಿರ ನಾವಿಬ್ಬರೇ ಉಳಿದೆವು. ಗಂಡಿನ ತಂದೆ ಆ ಕಡೆ ಈ ಕಡೆ ನೋಡಿದರು. ತೆರೆದ ಬಾಗಿಲಿನೊಳಗೆ ಕೈ ತೂರಿಸಿ, ಸ್ಟಿಯರಿಂಗ್ ಪಕ್ಕ ನೇತಾಡುತ್ತಿದ್ದ ಬೀಗದ ಕೈಯನ್ನು ಕಿತ್ತು ಜುಬ್ಬದ ಜೇಬಿಗೆ ಇಳಿಸಿದರು. ನನ್ನ ಕಿವಿಯ ಹತ್ತಿರ ಬಗ್ಗಿದರು.

“ಬೆಳಿಗ್ಗೆ ಆರು ಗಂಟೆಯಿಂದ ಒಳಗೇ ಬಿದ್ದಿತ್ತು ಕಣಪ್ಪ. ಬೀಗರ ಮುಂದೆ ಹೆಂಗೆ ಹೇಳ್ಳಿ? ನೀನು ಸ್ಕೇಲು ತಗುದ್ಮೇಲೆ ಹೋದ ಜೀವ ಬಂತು. ಯಾರಿಗೂ ಹೇಳ್ಬೇಡ.”