ಮಯೂರಿಯ ಮಹಾತ್ಯಾಗ

ನನ್ನ ಮಗಳಿಗೆ ಬೆಳಗಾದರೆ ಹೊಟ್ಟೆನೋವು. ಅದರ ಚಿಂತೆ ನನಗೆ ಬೆಳಗಾಗುವ ಮೊದಲೇ. ಐದು ವರ್ಷದ ಮಯೂರಿ ಶಾಲೆಗೆ ಹೊರಡುವ ಹೊತ್ತಿಗೆ ಹೊಟ್ಟೆ ಹಿಡಿದು ಕೂಡುತ್ತಿದ್ದಳು. ಶಕ್ತಿ ಬರಲೆಂದು ನಾನು ಮಾಡದ್ದಿಲ್ಲ (ಅಂಗಡಿಯಲ್ಲಿ ನಾನೇ ಆರಿಸಿದ ಕಬ್ಬಿಣಾಂಶದ ಟಾನಿಕ್ಕನ್ನು ಬೆಳಗಿನ ಹಾಲಿಗೆ ಗುಟ್ಟಾಗಿ ಬೆರೆಸುತ್ತಿದ್ದೆ). ಅಂದಮೇಲೆ ತಪ್ಪು ಗಂಡನ ಊರಾದ ಕಲ್ಲೋಳಿಯ ಊಟದ್ದು, ಅರ್ಥಾತ್ ಅತ್ತೆ ಜಿನ್ನವ್ವನವರ ಅಡಿಗೆಯದ್ದು. ಪುಣೆಯಲ್ಲಿ ಓದಿದವಳು ನಾನು. ಇಂಥದ್ದನ್ನು ಬಾಯಿಬಿಟ್ಟು ಹೇಳುವುದಿಲ್ಲ, ಪುರಾವೆ ತರಿಸುತ್ತೇನೆ.

ಬೆಳಗಾವಿಯ ಲ್ಯಾಬೊಂದು ರಕ್ತವನ್ನು ಮುಂಬೈಗೆ ಕಳಿಸಿ, ಯಾವ ತಿನಿಸು ಮೈಗೆ ಒಗ್ಗದೆಂದು ತಿಳಿಸುತ್ತಿತ್ತು.

"ಗೋಕಾಕಕ್ಕ ಹೋಗಿ ಡಾಕ್ಟರಿಗೆ ತೋರಸೂಣು," ಎಂದರು ನನ್ನವರು, ವೃಷಭ.

"ಡಾಕ್ಟರು ಬರೀ ಹೊಟ್ಟೆ ಒತ್ತಿ ನೋಡ್ತಾರೆ. ಇವರು ರಕ್ತವನ್ನೇ ಕೇಳ್ತಾರ್ರೀ."

"ಏನಂತ? ಊಟ ಆತೇನು ಅಂತ?"

ಕೂಸಿನ ರಕ್ತ ಹೋಯಿತು, ವರದಿ ಬಂತು. ಕೆಂಪು ಗುರುತಿನಲ್ಲಿ ಹಾಲು, ಜೋಳ, ಗೋಧಿ, ತೊಗರಿ, ಶೇಂಗಾ. ಹಸಿರಿನಲ್ಲಿ ಏಡಿ, ಸಿಗಡಿ. ಬಸದಿಯ ಬೆನ್ನಿಗೇ ಮನೆಯಿರುವ ನಮ್ಮಂಥ ಜೈನರಿಗೆ ಏಡಿಯನ್ನು ನಿಶ್ಚಿಂತೆಯಿಂದ ತಿನ್ನಿರೆಂದು ಮುಂಬೈ ಅಪ್ಪಣೆ ಕೊಟ್ಟಿತ್ತು.

ಮರುದಿನದಿಂದ ಮಯೂರಿಗೆ ಅನ್ನದ ಗಂಜಿ, ಸೌತೆಕಾಯಿ, ಬಾಳೆಹಣ್ಣು. ಹೊಟ್ಟೆನೋವು ಮಾಯವಾಯಿತು. ನಾನು ಮನಸ್ಸಿನಲ್ಲೇ ವಿಜಯೋತ್ಸವ ಹೊರಡಿಸಿದೆ. ಕೂಸಿನ ಕೊರಳೆಲುಬು ಕಾಣತೊಡಗಿದ್ದು ಮಾತ್ರ ಮೆರವಣಿಗೆಗೆ ಅಡ್ಡ ಬರುತ್ತಿತ್ತು.

ಅದು ಚಾತುರ್ಮಾಸ. ನಮ್ಮಲ್ಲಿ ಒಬ್ಬರು ತುಪ್ಪ ಬಿಟ್ಟರೆ ಇನ್ನೊಬ್ಬರು ಬೆಲ್ಲ ಬಿಟ್ಟು ನಿಯಮ ಹಿಡಿಯುತ್ತಾರೆ. ಬಾಜೂಮನೆಯ ಗೌರಕ್ಕನಿಗೆ ಮಯೂರಿಯ ಊಟದ ಸುದ್ದಿ ಮುಟ್ಟಿತು.

"ಹಾಲು, ರೊಟ್ಟಿ, ಶೇಂಗಾ, ಎಲ್ಲಾ ಬಿಟ್ಟೈತಂತಲ್ಲ ಕೂಸು. ನಾ ಬರೇ ತುಪ್ಪ ಬಿಟ್ಟು ಊರ ತುಂಬ ಹೇಳ್ಕೊಂತ ಅಡ್ಡಾಡಾಕತ್ತೇನಿ."

ಇದು ನಿಯಮವಲ್ಲ, ಪರೀಕ್ಷೆಯ ಫಲ ಎನ್ನಬೇಕಿತ್ತು. ಹಾಗೆಂದರೆ, ಪರೀಕ್ಷೆ ಮಾಡಿಸಿದ್ದು ಯಾರ ಅಡಿಗೆಯ ಮೇಲೆ ಎಂಬ ಪ್ರಶ್ನೆ ಏಳುತ್ತಿತ್ತು. ಗೌರಕ್ಕನಿಗೆ ಚಹಾ ತಂದುಕೊಟ್ಟೆ. ಓಣಿಯ ಹೆಂಗಸರು ಬಂದು ಮಗಳನ್ನು ಮಣೆಯ ಮೇಲೆ ಕೂಡಿಸಿ ಕಾಲು ಮುಟ್ಟಿದರು. ಎರಡು ದಿನದಲ್ಲಿ ಅವಳು ಕೈ ಎತ್ತಿ ಹರಸುವುದನ್ನೂ ಕಲಿತಳು.

ಚಾತುರ್ಮಾಸದ ನಡುವಿನ ಹತ್ತು ದಿನದ ಪರ್ವ ಮುಗಿದು ಉಪವಾಸದವರ ಪಾರಣೆಯ ದಿನ, ಕೂಸಿನ ನಿಯಮವೂ ಮುಗಿಯಿತೆಂದು ಗೌರಕ್ಕ ಅವಳನ್ನು ತನ್ನ ಮನೆಗೆ ಎತ್ತಿಕೊಂಡೇ ಹೋದಳು. ನಾನು ಸುದ್ದಿ ತಿಳಿದು ಓಡುವಷ್ಟರಲ್ಲಿ ನನ್ನ ಮಹಾತ್ಯಾಗಿ ಮಗಳು ಹಾಲುಪಾಯಸ, ಹೋಳಿಗೆ, ಶೇಂಗಾ ಚಟ್ನಿ ಹಚ್ಚಿದ ರೊಟ್ಟಿ ಎಲ್ಲಕ್ಕೂ ಬಾಯಿ ತೆರೆಯುತ್ತಿದ್ದಳು. ರಾತ್ರಿಯಿಡೀ ಕಾದೆ. ಏನೂ ಆಗಲಿಲ್ಲ. ಬೆಳಿಗ್ಗೆ ಎದ್ದವಳು ಇನ್ನೊಂದು ಹೋಳಿಗೆ ಕೇಳಿದಳು.

ಸರಿ, ಮೊದಲು ಹಾಲು ಎಂದು ಎಂದಿನಂತೆ ಲೋಟ ತುಂಬಿ ಕೊಟ್ಟೆ. ಅರ್ಧ ತಾಸಿನಲ್ಲಿ ಹೊಟ್ಟೆ ಹಿಡಿದು ಕೂತಳು. ಈ ಸಲ ಗೋಕಾಕಕ್ಕೇ ಹೋದೆವು.

"ಹಾಲಿಗೆ ಏನರೆ ಹಾಕ್ತೀರೇನ್ರಿ?" ಎಂದರು ಡಾಕ್ಟರು.

ಹೇಳಿದೆ.

"ಖಾಲಿ ಹೊಟ್ಟಿಗೆ ಆ ಟಾನಿಕ್ ಕೊಟ್ರ ಕೆಲವು ಮಕ್ಕಳಿಗೆ ಹೊಟ್ಟಿ ನೋಯತೈತಿ. ಯಾರು ಬರದಕೊಟ್ಟಿದ್ರು?"

"ನಾನೇ."

ಕೊನೆಯ ಆಸರೆಯಾಗಿ ವರದಿ ಚಾಚಿದೆ. ಓದಿ ಕನ್ನಡಕ ತೆಗೆದರು. "ದಿನಾ ತಿನ್ನೂದೆಲ್ಲಾ ಕೆಂಪ ಐತಿ ನೋಡ್ರಿ. ತಿಂದದ್ದರ ಗುರುತು ರಕ್ತದಾಗ ಉಳಿತೈತಿ, ಅದು ಜಡ್ಡಲ್ಲ. ಏಡಿ ತಿಂದಿಲ್ಲ, ಗುರುತಿಲ್ಲ. ಖರೇ ಅಲರ್ಜಿ ಇದ್ರ ತಿಂದಾಗ ಮೈಮ್ಯಾಲೆ ಕಾಣತೈತಿ, ನೋಡೂ ರೀತಿ ಬ್ಯಾರೇ ಐತಿ. ಕೂಸು ಏನ ಉಣತೈತಿ ಅಂತ ಮುಂಬೈಗೆ ಯಾಕ ಕೇಳಿದ್ರಿ? ನಿಮ್ಮ ಅತ್ತೆಯವ್ರಿಗೆ ಕೇಳಿದ್ರ ಹೇಳ್ತಿದ್ರಲ್ಲ."

ಬಸ್ಸಿನಲ್ಲಿ ಮಗಳು ತೊಡೆಯ ಮೇಲೆ ಹಗುರಾಗಿ ಕೂತಿದ್ದಳು. ಆ ಹಗುರ ನನಗೆ ಭಾರವಾಯಿತು. ಅಪರಾಧಿ ಯಾರೆಂದು ಅವಳ ರಕ್ತವನ್ನು ಕೇಳುತ್ತಿದ್ದಾಗ ಲೋಟ ನನ್ನ ಕೈಯಲ್ಲೇ ಇತ್ತು. ನೋವು ನಿಂತದ್ದು ಹಾಲಿನ ಜೊತೆ ಟಾನಿಕ್ಕೂ ನಿಂತದ್ದರಿಂದ. ಕೀರ್ತಿ ಹೋದದ್ದು ವರದಿಗೆ.

ಮನೆಯಲ್ಲಿ ಜಿನ್ನವ್ವ ಮೊಮ್ಮಗಳ ಮುಂದೆ ಬಿಸಿರೊಟ್ಟಿ ಇಟ್ಟರು. ಅವಳು ತಿನ್ನುತ್ತಲೇ ಕೇಳಿದಳು:

"ಮಮ್ಮಿ, ನಾ ಎಲ್ಲಾ ಬಿಟ್ಟಿದ್ನಿ. ನೀ ಏನ ಬಿಡ್ತಿ?"

"ಟಾನಿಕ್."

"ಅದನ್ನ ಕುಡೀತಿದ್ದಾಕಿ ನಾನು. ನಿಂದ ಏನರೆ ಬಿಡು."

ಅತ್ತೆ ಸೆರಗು ಬಾಯಿಗೆ ಒತ್ತಿಕೊಂಡರು. ಗೌರಕ್ಕ ಬಾಗಿಲಲ್ಲೇ ನಿಂತಿದ್ದಳು. ಮಾನಕ್ಕಂಜಿ, ದೀಪಾವಳಿಯವರೆಗೆ ಚಹಾ ಬಿಟ್ಟೆನೆಂದೆ.

ಮರುದಿನ ಮಧ್ಯಾಹ್ನಕ್ಕೆ ತಲೆ ಸಿಡಿಯತೊಡಗಿತು. ನೆತ್ತಿ ಒತ್ತಿಕೊಂಡು ಕೂತಿದ್ದೆ. ವೃಷಭ ಪಕ್ಕದಲ್ಲಿ ಕೂತು, ಬಸಿತಟ್ಟೆಗೆ ಚಹಾ ಸುರಿದು, ಸದ್ದು ಮಾಡಿ ಹೀರಿ, ನನ್ನನ್ನು ನೋಡಿದರು.

"ರಕ್ತ ಮುಂಬೈಗೆ ಕಳಸೂಣೇನು?"