ಬೆಟ್ಟದ ಎತ್ತರ ಕಾಪಾಡಿದ ಬಗೆ

ಬೆಟ್ಟದ ಎತ್ತರ ಸರ್ಕಾರದ ಆಸ್ತಿ. ಅದನ್ನು ಕುಗ್ಗಿಸುವ ಅಧಿಕಾರ ಯಾರಿಗೂ ಇಲ್ಲ.

ಆದರೂ ದೇಶದ ಅತಿ ಎತ್ತರದ ಬೆಟ್ಟ ಎರಡಡಿ ಕುಗ್ಗಿದೆ ಎಂದು ಪ್ರವಾಸೋದ್ಯಮ ಇಲಾಖೆಯ ಅಳತೆಗಾರ ವರದಿ ಕೊಟ್ಟ. ತುದಿ ಮುಟ್ಟಿದ ಪ್ರತಿ ಪ್ರವಾಸಿಯೂ ನೆನಪಿಗೆಂದು ಒಂದು ಕಲ್ಲನ್ನು ಜೇಬಿಗಿಳಿಸುತ್ತಿದ್ದ. ಇನ್ನಷ್ಟು ಕುಗ್ಗಿದರೆ ಪಕ್ಕದ ಜಿಲ್ಲೆಯ ಬೆಟ್ಟವೇ ಮೊದಲನೆಯದಾಗುತ್ತಿತ್ತು. ಅಲ್ಲಿನವರು ಆಗಲೇ ಹೋಟೆಲಿಗೆ ಪಾಯ ತೆಗೆಸಿದ್ದರು.

ಕೆಲವು ತಿಂಗಳು ಬೆಟ್ಟ ಮುಚ್ಚಿದರೆ ಸಾಕೆಂದು ಅಳತೆಗಾರ ಸೂಚಿಸಿದ. ಮುಚ್ಚಿದ ಬೆಟ್ಟಕ್ಕೆ ಎತ್ತರ ಇದ್ದರೆಷ್ಟು, ಬಿಟ್ಟರೆಷ್ಟು ಎಂದು ನಿರ್ದೇಶಕರು ಷರಾ ಬರೆದು ಪ್ರಕಟಣೆ ಹೊರಡಿಸಿದರು:

"ತುದಿಯಿಂದ ಒಂದು ಕಲ್ಲು ಒಯ್ಯುವವರು ಬುಡದಿಂದ ಒಂದು ಕಲ್ಲು ತರತಕ್ಕದ್ದು. ಕಲ್ಲುಗಳು ಇಲಾಖೆಯ ಮಳಿಗೆಯಲ್ಲಿ ದೊರೆಯುತ್ತವೆ. ಹೊರಗಿನ ಕಲ್ಲಿಗೆ ಪ್ರವೇಶವಿಲ್ಲ."

ಹೊರಗಿನದು ಬೇಡವಾದ್ದರಿಂದ ಮಳಿಗೆಗೆ ಬೇಕಾದ ಕಲ್ಲನ್ನು ಆ ಬೆಟ್ಟದ ಬುಡದಲ್ಲೇ ಅಗೆಯಲಾಯಿತು. ತುದಿ ಉಳಿಯಿತು, ಬುಡ ಸೊರಗಿತು. ಅಗೆತ ಸಾಗುತ್ತ ಸಾಗುತ್ತ ಅಳತೆಗಾರನ ಅತ್ತೆಯ ಹಿತ್ತಿಲಿಗೆ ಬಂತು. ಒಂದು ದಿನ ಬೆಳಗಾಗುವುದರೊಳಗೆ ಬಟ್ಟೆ ಒಗೆಯುವ ಕಲ್ಲು ಮಾಯ.

ಅತ್ತೆ ಅಳಿಯನನ್ನು ಕರೆಸಿದರು. ಕೂರಲು ಹೇಳಲಿಲ್ಲ.

"ಬೆಟ್ಟ ಅಗೆದು ಇಲಿ ಹಿಡಿಯೋರನ್ನ ಕೇಳಿದ್ದೆ. ಬೆಟ್ಟ ಅಗೆದು ಬೆಟ್ಟಾನೇ ಮಾಡೋರನ್ನ ಈಗ ನೋಡಿದೆ, ಅಳಿಯಂದ್ರೇ. ಈ ಮನೆ ಹೋದ್ರೆ ನಾನು ಬರೋದು ನಿಮ್ಮನೇಗೇ."

ಅಳತೆಗಾರ ಒಂದೇ ಉಸಿರಿಗೆ ಕಚೇರಿ ಸೇರಿ, ಅತ್ತೆಯ ಮನೆಯನ್ನಾದರೂ ಉಳಿಸಿಕೊಡಿ ಎಂದು ಬೇಡಿಕೊಂಡ. ನಿರ್ದೇಶಕರು ಕರುಣಾಳು.

"ಕೆಡವೋದಿಲ್ಲ ಕಣಯ್ಯ. ಮೇಲಕ್ಕೆ ಸಾಗಿಸ್ತೀವಿ."

ಮನೆಯನ್ನು ಕಲ್ಲುಕಲ್ಲಾಗಿ ಬಿಚ್ಚಿ ಪ್ರವಾಸಿಗರಿಗೆ ಹಂಚಲಾಯಿತು. ನಡುಮನೆಯನ್ನು ನವದಂಪತಿಗಳು ಹೊತ್ತರು. ಬಚ್ಚಲು ನಿವೃತ್ತ ನೌಕರರ ಸಂಘದ ಪಾಲಿಗೆ ಬಂತು. ತುದಿಯಲ್ಲಿ ಅಳತೆಗಾರನೇ ನಿಂತು ಜೋಡಿಸಿದ. ಸೂರಿನವರೆಗೂ ಬೆಟ್ಟವೇ ಎಂದು ಇಲಾಖೆ ಘೋಷಿಸಿತು. ಪಕ್ಕದ ಜಿಲ್ಲೆಯವರು ಪಾಯ ಮುಚ್ಚಿದರು.

ಅತ್ತೆಗೂ ಹಿತವಾಯಿತು. ಗಾಳಿ ಚೆನ್ನಾಗಿದೆ, ಅಕ್ಕಪಕ್ಕದವರ ಕಾಟವಿಲ್ಲ. ತುದಿ ಮುಟ್ಟಿದವರು ನಿಯಮದಂತೆ ಗೋಡೆಯಿಂದ ಒಂದೊಂದು ಕಲ್ಲು ಕಿತ್ತುಕೊಳ್ಳುತ್ತಾರೆ, ತಂದದ್ದನ್ನು ಅಲ್ಲಿ ತುರುಕುತ್ತಾರೆ. ಅಳಿಯ ಸಂಜೆಗೊಮ್ಮೆ ಬಂದು ಬಾಗಿಲು ಯಾವ ಕಡೆ ಇದೆಯೆಂದು ಗುರುತು ಮಾಡಿ ಹೋಗುತ್ತಾನೆ.

ಮೊನ್ನೆ ಒಂದು ಗುಂಪು ಅಡುಗೆಮನೆಗೆ ಕೈಹಾಕಿತು. ಅತ್ತೆ ಒಳಗಿನಿಂದಲೇ ತಡೆದರು.

"ಈ ಗೋಡೆ ಆಮೇಲೆ ಕೀಳ್ರಪ್ಪ, ಒಲೆ ಮೇಲೆ ಹಾಲಿದೆ."

ಪ್ರವಾಸಿಗರು ಕ್ಷಮೆ ಕೇಳಿ, ಬಚ್ಚಲ ಕಡೆ ಸಾಲು ನಿಂತರು.